ಹಿಂದಕ್ಕೆ ಹಾಕಿದ ತಾರೀಖು

ಜನವರಿ 6, ಸೋಮವಾರ

ಇವತ್ತು ಫೋನ್ ಮಾಡಿದವರೆಲ್ಲರ ಮೊದಲ ಮಾತು ಒಂದೇ: “ನಾವೇನೂ ಮಾಡಿಲ್ಲ ಮೇಡಂ, ತನ್ನಿಂದ ತಾನೇ ಹೀಗಾಯ್ತು.” ಏನೂ ಮಾಡದೆ ಲೈಸೆನ್ಸ್ ಯಾಕೆ ಕೆಡುತ್ತದೆ? ಒಬ್ಬರು ಹಾರ್ಡ್ ಡಿಸ್ಕ್ ಬದಲಾಯಿಸಿರುತ್ತಾರೆ. ಇನ್ನೊಬ್ಬರು ಒಂದು ಕಂಪ್ಯೂಟರಿಗೆ ಕೊಟ್ಟದ್ದನ್ನು ಎರಡಕ್ಕೆ ಹಾಕಿ ನೋಡಿರುತ್ತಾರೆ. ಮತ್ತೊಬ್ಬರು ಯಾರದೋ ಪೆನ್ ಡ್ರೈವಿನಿಂದ ಕದ್ದ ಪ್ರತಿ ಹಾಕಿಕೊಂಡು, ಅದು ಕೈಕೊಟ್ಟ ಮೇಲೆ ನನ್ನ ಹತ್ತಿರ ಅಳುತ್ತಾರೆ. ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಮಾರುವ ಕಡೆ ಇಷ್ಟು ವರ್ಷ ಕೂತು ನಾನು ಕಲಿತದ್ದಿಷ್ಟು: ಮೊದಲು ಸ್ಕ್ರೀನ್ ನೋಡಬೇಕು, ಮನುಷ್ಯರ ಮಾತು ಆಮೇಲೆ.

ಮಧ್ಯಾಹ್ನ ಕಲ್ಯಾಣದಿಂದ ವಸಂತಕುಮಾರಣ್ಣನ ಫೋನ್. ಅವರದು ಜಮೀನು ಅಳೆದು ನಕ್ಷೆ ಮಾಡಿಕೊಡುವ ಆಫೀಸು. ಮುಂಬಯಿ ಕಡೆ ಬಂದು ನೆಲೆಸಿದ ನಮ್ಮ ತುಳುವರ ಸಂಘದ ಉಪಾಧ್ಯಕ್ಷರೂ ಹೌದು. ಬದಲಾಪುರದಲ್ಲಿ ನಾವು ಫ್ಲ್ಯಾಟ್ ಬುಕ್ ಮಾಡಿದ್ದು ಅವರು ತೋರಿಸಿದ ಬಿಲ್ಡಿಂಗಿನಲ್ಲಿಯೇ. ಅವರ ನಕ್ಷೆಯ ಪ್ರೋಗ್ರಾಂ ತೆರೆಯುತ್ತಿಲ್ಲವಂತೆ. ‘ಕಂಪ್ಯೂಟರಿನ ಗಡಿಯಾರವನ್ನು ಹಿಂದಕ್ಕೆ ಹಾಕಲಾಗಿದೆ, ಲೈಸೆನ್ಸ್ ನಡೆಯುವುದಿಲ್ಲ’ ಎಂದು ಬರುತ್ತದೆ. “ನಾವು ಎಂತ ಮಾಡ್ಲೂ ಇಲ್ಲ ಜಯಕ್ಕ” ಅಂದರು. ಅವರೂ ಅದನ್ನೇ ಅಂದರು.

ಈ ಡೈರಿ ಪ್ರೇಕ್ಷಾ ಕೊಟ್ಟದ್ದು. ನನ್ನ ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಅವಳ ಅಪ್ಪನಿಗೆ ಬರುತ್ತದೆ, ಆದರೆ ನನ್ನ ಅಕ್ಷರ ತಿಳಿಯುವುದಿಲ್ಲ. ಹಾಗಾಗಿ ಬರೆಯಬಹುದು.

ಜನವರಿ 9, ಗುರುವಾರ

ಕಲ್ಯಾಣಕ್ಕೆ ಹೋಗಿದ್ದೆ. ಗಡಿಯಾರದ ಎರರ್ ಬಂದರೆ ಹತ್ತರಲ್ಲಿ ಒಂಬತ್ತು ಸಲ ಒಳಗಿನ ಗುಂಡಿ ಬ್ಯಾಟರಿ ಸತ್ತಿರುತ್ತದೆ. ಕರೆಂಟ್ ಹೋದಾಗ ಕಂಪ್ಯೂಟರಿಗೆ ತಾರೀಖು ಮರೆತುಹೋಗಿ, ಅದು ತಯಾರಾದ ವರ್ಷಕ್ಕೆ ವಾಪಸು ಹೋಗುತ್ತದೆ. ಹೊಸ ಬ್ಯಾಟರಿ ಹಾಕಿದೆ. ಸಾಫ್ಟ್‌ವೇರ್ ತಯಾರಿಸುವ ಕಂಪನಿಗೆ ಮೇಲ್ ಮಾಡಿ ಲೈಸೆನ್ಸನ್ನು ಮತ್ತೆ ಚಾಲೂ ಮಾಡಿಸಿದೆ.

ಆ ಕಂಪ್ಯೂಟರಿನ ಮುಂದೆ ಕೂರುವ ಆಪರೇಟರ್ ಹುಲಗಪ್ಪ ಎಂಬವನು. ಕೊಪ್ಪಳದ ಕಡೆಯವನು, ಇಲ್ಲಿ ಕಳವಾ ಎಂಬ ಕಡೆ ಒಂದು ಖೋಲಿಯಲ್ಲಿ ವಾಸ. ವಯಸ್ಸು ಐವತ್ತು ದಾಟಿರಬೇಕು. ನಾನು ಒಳಗೆ ಬಂದದ್ದೇ ತಡ, ಮೇಜಿನ ಮೇಲೆ ಹಾಸಿದ್ದ ನಕ್ಷೆಯನ್ನು ಸುರುಳಿ ಸುತ್ತಿ ಕಾಲ ಹತ್ತಿರ ಇಟ್ಟುಕೊಂಡ. ನಾನು ಕೆಲಸ ಮಾಡುವಷ್ಟು ಹೊತ್ತೂ ಅದರ ಮೇಲೆ ಒಂದು ಕೈ ಇಟ್ಟೇ ಕೂತಿದ್ದ. ಬ್ಯಾಟರಿ ಬದಲಾಯಿಸುತ್ತೇನೆ ಅಂದಾಗ “ಹಾಕ್ರಿ” ಅಂದ. ನಗು ತಡೆದ ಹಾಗೆ ಕಾಣಿಸಿತು. ಅಥವಾ ನನಗೇ ಹಾಗೆ ಕಂಡಿರಬಹುದು. ಇಲ್ಲ, ತಡೆದದ್ದೇ.

ವಸಂತಣ್ಣ ಚಹಾ ತರಿಸಿದರು. “ನಿಮ್ಮ ಬಿಲ್ಡಿಂಗಿನ ಎರಡನೇ ಸ್ಲ್ಯಾಬ್ ಹಾಕಿ ಆಯ್ತು ಗೊತ್ತುಂಟಾ? ಶೈಲೇಶನಿಗೆ ಹೇಳಿ” ಅಂದರು. ನನ್ನ ಗಂಡನಿಗೆ ಯಾಕೆ, ನನಗೇ ಹೇಳಬಹುದಿತ್ತು, ನಾನು ಎದುರಿಗೇ ಇದ್ದೆ.

ಜನವರಿ 10, ಶುಕ್ರವಾರ

ಕಲ್ಯಾಣ ಸರಿಯಾಗಿದೆಯಂತೆ. ನೋಡೋಣ.

ಜನವರಿ 16, ಗುರುವಾರ

ಸರಿಯಾಗಿಲ್ಲ. ಅದೇ ಎರರ್.

ಇಲ್ಲಿ ಕೂತೇ ನನ್ನ ಕಂಪ್ಯೂಟರಿನಲ್ಲಿ ಅವರ ಸ್ಕ್ರೀನ್ ತೆಗೆದು ನೋಡಿದೆ. ಗಡಿಯಾರ ಈಗ ಸರಿಯಾದ ತಾರೀಖು ತೋರಿಸುತ್ತಿದೆ. ಆದರೆ ನಿನ್ನೆ ಸ್ವಲ್ಪ ಹೊತ್ತು ಅದು ಕಳೆದ ವರ್ಷದ ಏಪ್ರಿಲ್‌ಗೆ ಹೋಗಿ ಬಂದಿದೆ. ಮೊದಲನೇ ಸಲವೂ ಏಪ್ರಿಲ್‌ಗೇ ಹೋಗಿತ್ತು. ಆವತ್ತು ಬ್ಯಾಟರಿ ಎಂದುಕೊಂಡು ನಾನು ಅದನ್ನು ಸರಿಯಾಗಿ ನೋಡಿರಲಿಲ್ಲ. ಸತ್ತ ಬ್ಯಾಟರಿ ತಾರೀಖು ಆರಿಸುವುದಿಲ್ಲ. ಕೈಯಿಂದ ಯಾರೋ ಹಿಂದಕ್ಕೆ ಹಾಕಿ, ಕೆಲಸ ಮುಗಿಸಿ, ಮತ್ತೆ ಮುಂದಕ್ಕೆ ತಂದಿದ್ದಾರೆ. ಸುತ್ತಿಟ್ಟ ಆ ನಕ್ಷೆ ನೆನಪಾಯಿತು.

ನಮ್ಮ ಮಾಲೀಕ ರಿತೇಶ್‌ಗೆ ಹೇಳಿದೆ. ಥಾಣೆಯ ವರ್ತಕ ನಗರದ ಈ ಆಫೀಸನ್ನು ಅವನ ಅಪ್ಪ ಕಟ್ಟಿದ್ದು, ಇವನು ಮುಖ ತೊಳೆದುಕೊಂಡು ಬಂದು ಕೂತದ್ದು. “ಜಯಾ ಮೇಡಂ, ಕ್ಲೈಂಟ್ ಹೈ, ಪೊಲೀಸ್ ಆಗ್ಬೇಡಿ. ಚಾಲೂ ಮಾಡಿ ಕೊಟ್ಟುಬಿಡಿ” ಅಂದ. ಅಷ್ಟು ಸುಲಭವಿಲ್ಲ. ಸಾಫ್ಟ್‌ವೇರ್ ಕಂಪನಿಯವರು ಒಂದೆರಡು ಸಲ ಕ್ಷಮಿಸುತ್ತಾರೆ. ಆಮೇಲೆ ಏನಾಯಿತು, ಯಾಕಾಯಿತು ಎಂದು ನಮ್ಮಿಂದ ಲಿಖಿತವಾಗಿ ಕೇಳುತ್ತಾರೆ. ಬರೆಯುವವಳು ನಾನು.

ಜನವರಿ 18, ಶನಿವಾರ

ನಮ್ಮ ಮನೆಯವರ ನಡವಳಿಕೆ ಸರಿ ಕಾಣುತ್ತಿಲ್ಲ. ತುರ್ಭೆಯ ಹೋಟೆಲಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಫೋನ್ ಬಂತು. ಹೆಸರು ನೋಡಿ ಹೊರಗಿನ ಗ್ಯಾಲರಿಗೆ ಹೋಗಿ ಬಾಗಿಲು ಎಳೆದುಕೊಂಡರು. ಮ್ಯಾನೇಜರ್ ಕೆಲಸದ ಫೋನಾದರೆ ಅಡುಗೆಮನೆಯವರೆಗೂ ಕೇಳುವ ಹಾಗೆ ಬೈಯುತ್ತಾರೆ. ಇದು ಬರೀ ‘ಹೂಂ’, ‘ಆಯ್ತು’, ‘ನೋಡುವ’.

“ಯಾರು?” ಅಂದೆ.

“ವಸಂತಣ್ಣ. ಸಂಘದ್ದು ಎಂತದೋ.”

ಸಂಘದ್ದಾದರೆ ಬಾಗಿಲು ಯಾಕೆ?

ಫ್ಲ್ಯಾಟಿನ ವಿಷಯದಲ್ಲಿ ನನಗೆ ತಿಳಿಸದ್ದು ಏನೋ ಇದೆ. ಮದುವೆಯಾದಾಗಿನಿಂದ ಡೊಂಬಿವಲಿಯಲ್ಲಿ ಬಾಡಿಗೆ ಮನೆ. ಹನ್ನೊಂದು ತಿಂಗಳಿಗೊಮ್ಮೆ ಲೀವ್ ಅಂಡ್ ಲೈಸೆನ್ಸ್ ಎಂಬ ಬಾಡಿಗೆ ಕರಾರು, ಏಜೆಂಟ್, ಪೊಲೀಸ್ ವೆರಿಫಿಕೇಶನ್. ಸ್ವಂತದ್ದು ಎಂದರೆ ಇವರಿಗೆ ಕಣ್ಣು ಕಾಣಿಸುವುದಿಲ್ಲ. ಏನು ಹೇಳಿದರೂ ತಲೆಯಾಡಿಸಿಬಿಡುತ್ತಾರೆ.

ಪ್ರೇಕ್ಷಾ ಎಲ್ಲವನ್ನೂ ನೋಡುತ್ತಿದ್ದಳು. “ಮಮ್ಮಿ, ತೂ ಸಬ್ ಪೆ ಶಕ್ ಕರ್ತೀ ಹೈ” ಅಂದಳು. ನನಗೆ ಎಲ್ಲರ ಮೇಲೂ ಸಂಶಯವಂತೆ. ನಾನು ಅವಳ ಪರೀಕ್ಷೆಯ ಮಾರ್ಕು ಕೇಳಿದೆ. ಎದ್ದು ಹೋದಳು.

ಜನವರಿ 21, ಮಂಗಳವಾರ

ವಸಂತಣ್ಣ ನಮ್ಮ ಆಫೀಸಿಗೇ ಬಂದರು. ಥಾಣೆಯಲ್ಲಿ ಬೇರೇನೋ ಕೆಲಸವಿತ್ತು ಅಂದರು. ಬೇರೆ ಕೆಲಸ ಇದ್ದವರು ಕೈಯಲ್ಲಿ ಮಿಠಾಯಿ ಹಿಡಿದು ಬರುವುದಿಲ್ಲ.

“ಕಂಪನಿಗೆ ನೀವು ಬರೆದು ಕೊಡ್ಬೇಕಂತೆ ಅಲ್ವಾ? ಬರ್ದು ಬಿಡಿ. ನಮ್ಮ ಆಪರೇಟರ್ ಕೈಯಾಡಿಸಿದ್ದು ಅಂತ. ಹುಲಗಪ್ಪ. ಅವನ ಹೆಸರು ಹಾಕಿ. ಎರಡು ಸಾಲು ಸಾಕು.”

“ಅವನೇ ಮಾಡಿದ್ದು ಅಂತ ನಿಮಗೆ ಗೊತ್ತಾ?”

“ಮತ್ತೆ ಯಾರು? ಇಡೀ ದಿನ ಆ ಕಂಪ್ಯೂಟರ್ ಮುಂದೆ ಕೂರುದು ಅವನೇ. ಹೊರಗಿನವರ ಕೆಲಸ ನಮ್ಮ ಮೆಷಿನ್‌ನಲ್ಲಿ ಮಾಡಿ ಕೊಡ್ತಾನೆ ಅಂತ ನಂಗೆ ಮೊದಲಿಂದ ಡೌಟ್ ಉಂಟು.”

ನನ್ನ ಸಂಶಯವೂ ಅವನ ಮೇಲೆಯೇ. ಆದರೂ ಅವರು ಅಷ್ಟು ಬೇಗ ಹೇಳಿದ್ದು ಹಿಡಿಸಲಿಲ್ಲ. ಕಳ್ಳ ಸಿಕ್ಕಿದರೆ ಜನಕ್ಕೆ ಸಿಟ್ಟು ಬರುತ್ತದೆ. ಇವರು ಮಿಠಾಯಿ ತಂದಿದ್ದರು. ನಾಡಿದ್ದು ಬಂದು ಮೆಷಿನ್ ನೋಡಿ ಬರೆಯುತ್ತೇನೆ ಅಂದೆ. “ನೋಡ್ಲಿಕ್ಕೆ ಎಂತ ಉಂಟು?” ಅಂದರು.

ಮಿಠಾಯಿಯನ್ನು ರಿತೇಶ್ ತಿಂದ.

ಜನವರಿ 23, ಗುರುವಾರ

ವಸಂತಣ್ಣ ಸೈಟಿಗೆ ಹೋಗಿದ್ದರು. ಆಫೀಸಿನಲ್ಲಿ ಹುಲಗಪ್ಪ ಒಬ್ಬನೇ. ಒಳ್ಳೆಯದೇ ಆಯಿತು ಎಂದುಕೊಂಡು ಕುರ್ಚಿ ಎಳೆದು ಅವನ ಪಕ್ಕದಲ್ಲೇ ಕೂತೆ. ತಪ್ಪು ಮಾಡಿದವರು ಪಕ್ಕದಲ್ಲಿ ಕೂತರೆ ತಡಬಡಿಸುತ್ತಾರೆ.

“ಈ ಗಡಿಯಾರವನ್ನು ಯಾರು ಮುಟ್ಟಿದ್ದು?” ಎಂದು ನೇರವಾಗಿ ಕೇಳಿದೆ.

“ನಾನ ರಿ” ಅಂದ.

ಇಷ್ಟು ವರ್ಷಗಳಲ್ಲಿ ಕೇಳಿದ ಕೂಡಲೇ ಹೌದು ಅಂದವನು ಇವನೊಬ್ಬನೇ.

“ಮೊದಲ್ನೇ ಸಲ ನಾನ ಹಿಂದ ಹಾಕಿದ್ದು. ಸಾಹೇಬ್ರು ಹೇಳಿದ್ರು, ಹಾಕಿದೆ. ಯಾಕ ಅಂತ ಕೇಳ್ಲಿಲ್ಲ. ನೀವು ಬ್ಯಾಟರಿ ಹಾಕಿ ಹೋದ ಮ್ಯಾಲೆ ಮತ್ತ ಹಾಕು ಅಂದ್ರು. ಆವಾಗ ಕೇಳಿದೆ. ಕೇಳಬಾರದಾಗಿತ್ತು, ಆದ್ರ ಕೇಳಿದೆ. ಹೇಳಿದ್ರು. ನಾ ಒಲ್ಲೆ ಅಂದೆ. ಆಮ್ಯಾಲೆ ಸಾಹೇಬ್ರೇ ಕುಂತು ಹಾಕ್ಕೊಂಡ್ರು.”

ಆಮೇಲೆ ಕಾಲ ಹತ್ತಿರದ ಸುರುಳಿಯನ್ನು ತಾನಾಗಿಯೇ ಬಿಚ್ಚಿದ. ಬದಲಾಪುರದ ನಕ್ಷೆ. ಉಲ್ಹಾಸ್ ನದಿ, ಅದರ ಪಕ್ಕದಲ್ಲಿ ನೀಲಿ ಗೆರೆ. ನೆರೆ ಬಂದರೆ ನೀರು ಎಲ್ಲಿಯವರೆಗೆ ಏರುತ್ತದೆ ಎಂದು ತೋರಿಸುವ ಗೆರೆ ಅದು. ಕಳೆದ ವರ್ಷ ಮೇ ತಿಂಗಳಲ್ಲಿ ಅದನ್ನು ಹೊಸದಾಗಿ ಎಳೆದರಂತೆ. ಅದಕ್ಕಿಂತ ಮೊದಲು ಅಳತೆಯಾದ ಜಾಗಗಳಿಗೆ ಹಳೆಯ ಗೆರೆಯೇ ನಡೆಯುತ್ತದೆ. ಈ ಜಾಗವನ್ನು ಅಳೆದದ್ದು ಕೆಲಸ ಶುರುವಾದ ಮೇಲೆ, ಮೊನ್ನೆ ಡಿಸೆಂಬರಿನಲ್ಲಿ. ಪ್ರೋಗ್ರಾಂ ನಕ್ಷೆಗೆ ತಾರೀಖು ಹಾಕುವುದು ಗಡಿಯಾರ ನೋಡಿ; ಹಳೆಯ ಗೆರೆ ಸಿಗಬೇಕಾದರೆ ಅದು ಏಪ್ರಿಲ್ ಎಂದು ಬೀಳಬೇಕು.

ಹೊಸ ಗೆರೆಯ ಒಳಗೆ, ನೀರಿನ ಕಡೆಗೆ, ಒಂದು ಬಿಲ್ಡಿಂಗಿನ ಚೌಕ ಇತ್ತು. ಅದರ ಹೆಸರು ಓದಿದೆ. ನಾವು ಬುಕ್ ಮಾಡಿದ್ದು.

“ನಿಮ್ಮದೂ ಅಲ್ಲೇ ಐತಿ ಅಂತ ಸಾಹೇಬ್ರು ಅಂದಿದ್ರು. ಅದಕ್ಕ ಆವತ್ತು ಸುತ್ತಿ ಇಟ್ಟೆ. ಹೆಂಗ ಹೇಳ್ಲಿ ಅಂತ ತಿಳೀಲಿಲ್ಲ” ಅಂದ.

ಜನವರಿ 24, ಶುಕ್ರವಾರ

ಅವನು ಸುಳ್ಳು ಹೇಳುತ್ತಿರಬಹುದು. ಕೆಲಸ ಹೋಗುವ ಹೆದರಿಕೆಗೆ ಮಾಲೀಕನ ಮೇಲೆ ಹಾಕುತ್ತಿರಬಹುದು. ಮೊದಲ ಸಲ ತಾನೇ ಹಾಕಿದ್ದೆಂದು ಒಪ್ಪಿದ್ದು ನನ್ನನ್ನು ನಂಬಿಸಲು ಇರಬಹುದು. ಟ್ರೇನಿನಲ್ಲಿ ಹೋಗುತ್ತಾ ಬರುತ್ತಾ ಇದನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಎಲ್ಲಾ ಕಡೆಯಿಂದಲೂ ಆಗಬಹುದು.

ಆದರೆ ಆವತ್ತು ನಕ್ಷೆಯ ಮೇಲೆ ಕೈ ಇಟ್ಟು “ಹಾಕ್ರಿ” ಅಂದಾಗ ಅವನ ಮುಖದಲ್ಲಿದ್ದದ್ದು ನಗುವಲ್ಲ. ಈಗ ಅನಿಸುತ್ತಿದೆ.

ಇವರಿಗೆ ಹೇಳಿಲ್ಲ. ಇವರಿಗೆ ಮೊದಲೇ ಗೊತ್ತಿದ್ದರೆ?

ಜನವರಿ 27, ಸೋಮವಾರ

ಕಲ್ಯಾಣಕ್ಕೆ ಹೋಗಿ ವಸಂತಣ್ಣನನ್ನೇ ಕೇಳಿಬಿಟ್ಟೆ. ಹುಲಗಪ್ಪನವರು ಹೇಳಿದರು ಎನ್ನಲಿಲ್ಲ. “ಏಪ್ರಿಲ್ ಯಾಕೆ?” ಎಂದಷ್ಟೇ ಕೇಳಿದೆ.

ಅವರು ಇಲ್ಲ ಎನ್ನುತ್ತಾರೆ, ನಾನು ಅವರ ಮುಖ ನೋಡಬೇಕು ಎಂದುಕೊಂಡಿದ್ದೆ. ಇಲ್ಲ ಎನ್ನಲೇ ಇಲ್ಲ. ಬಾಗಿಲು ಮುಂದೆ ಮಾಡಿ, ನನಗೆ ಕುರ್ಚಿ ಕೊಟ್ಟು, ತಾವೂ ಕೂತರು.

“ನೋಡಿ ಜಯಕ್ಕ, ಜಾಗ ಅದೇ, ನದಿ ಅದೇ. ಮೇ ತಿಂಗಳಲ್ಲಿ ಯಾರೋ ಕೂತು ಗೆರೆ ಎಳೆದ್ರೆ ಜಾಗ ಬದಲಾಗ್ತದಾ? ತಾರೀಖು ಅಂದ್ರೆ ಒಂದು ನಂಬರ್. ಈಗ ಬಿಲ್ಡಿಂಗ್ ಕೆಲಸ ನಿಂತ್ರೆ ಯಾರಿಗೆ ನಷ್ಟ? ನಮ್ಮವರಿಗೇ. ನಿಮಗೇ.”

“ನೀರು ಬಂದರೆ?”

“ನಿಮ್ಮದು ಎರಡನೇ ಮಾಳಿಗೆ ಅಲ್ವಾ? ನಿಮಗೆಲ್ಲಿ ಬರ್ತದೆ?”

ಸಮಾಧಾನ ಹೇಳುವ ಧ್ವನಿಯಲ್ಲೇ ಅಂದರು. ಅವರಿಗೆ ಅದು ಸಮಾಧಾನವೇ. ನನಗೆ ಪೂಜಿತಾ ನೆನಪಾದಳು. ಸಂಘದಲ್ಲಿ ನಮಗಿಂತ ಚಿಕ್ಕವಳು. ಅತ್ತೆಗೆ ಮಂಡಿ ನೋವು, ಮೆಟ್ಟಿಲು ಹತ್ತಲಾಗುವುದಿಲ್ಲ ಎಂದು ಕೇಳಿ ಕೇಳಿ ಅದೇ ಬಿಲ್ಡಿಂಗಿನಲ್ಲಿ ನೆಲದ ಮಟ್ಟದ ಫ್ಲ್ಯಾಟನ್ನೇ ಹಿಡಿದಿದ್ದಾಳೆ. ಅವಳಿಗೂ ತೋರಿಸಿದ್ದು ಇವರೇ.

ಹೊರಡುವಾಗ ಹುಲಗಪ್ಪನವರು ಬಾಗಿಲಲ್ಲಿ ನಿಂತಿದ್ದರು.

ಜನವರಿ 28, ಮಂಗಳವಾರ

ಚಪಾತಿ ಹಾಕುತ್ತಾ ಇವರಿಗೆ ಎಲ್ಲಾ ಹೇಳಿದೆ. ಕೊನೆಗೆ, ತಡೆಯಲಾಗದೆ, “ನಿಮಗೆ ಮೊದಲೇ ಗೊತ್ತಿತ್ತಾ?” ಎಂದು ಕೇಳಿದೆ.

ಇವರು ತಟ್ಟೆಯಿಂದ ಕೈ ತೆಗೆದರು. ನಾವು ಮನೆಯಲ್ಲಿ ತುಳು ಮಾತಾಡುವುದು. ಸಿಟ್ಟು ಬಂದರೆ ಇವರು ಹಿಂದಿಗೆ ಹೋಗುತ್ತಾರೆ. ಇವತ್ತು ಹೋಗಲಿಲ್ಲ.

“ನೀರಿನ ವಿಷಯ ಗೊತ್ತಿರಲಿಲ್ಲ. ಆ ಹುಲಗಪ್ಪನ ಹೆಸರು ಬರೀಲಿಕ್ಕೆ ನಿಂಗೆ ಹೇಳು ಅಂತ ವಸಂತಣ್ಣ ನಾಲ್ಕೈದು ಸಲ ಫೋನ್ ಮಾಡಿದ. ಬರೀದಿದ್ರೆ ಬಿಲ್ಡಿಂಗ್ ಕೆಲಸ ನಿಲ್ತದೆ ಅಂದ. ನೋಡುವ ಅಂದೆ.”

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನಿಂಗೆ ಎರಡು ಕಡೆ ಎಳೆದ ಹಾಗೆ ಆಗ್ತದೆ. ಒಬ್ಬ ಮನುಷ್ಯನ ಕೆಲಸದ ಪ್ರಶ್ನೆ. ನೀನು ಮೆಷಿನ್ ನೋಡಿ ಬರೀಬೇಕು, ನಮ್ಮ ಮನೆ ನೋಡಿ ಬರೀಬಾರ್ದು ಅಂತ ಇತ್ತು ನಂಗೆ.”

ಹಾಗೆನ್ನುತ್ತಾ ಫೋನನ್ನು ನನ್ನ ಕಡೆಗೆ ತಳ್ಳಿದರು. “ಬೇಕಿದ್ರೆ ನೋಡು. ಮೆಸೇಜ್ ಕೂಡ ಉಂಟು.”

ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಚಾರ್ಜಿಗೆ ಹಾಕಿ, ಇವರಿಗೆ ಇನ್ನೊಂದು ಚಪಾತಿ ಬಡಿಸಿದೆ. ಪ್ರೇಕ್ಷಾ ನನ್ನ ಮುಖವನ್ನೇ ನೋಡುತ್ತಿದ್ದಳು. ಯಾಕೋ.

ಇವರಿಗೆ ಆ ಮನೆಯ ಗ್ಯಾಲರಿಯಲ್ಲಿ ಒಂದು ಉಯ್ಯಾಲೆ ಹಾಕಬೇಕೆಂದಿತ್ತು. ಊಟ ಆದ ಮೇಲೆ ಇದೇ ಗ್ಯಾಲರಿಯಲ್ಲಿ ಬಹಳ ಹೊತ್ತು ನಿಂತಿದ್ದರು. ಬಾಗಿಲು ತೆರೆದೇ ಇತ್ತು.

ಫೆಬ್ರವರಿ 3, ಸೋಮವಾರ

ಕಂಪನಿಗೆ ಬರೆದು ಕಳಿಸಿದೆ. ಗಡಿಯಾರವನ್ನು ಕೈಯಿಂದ ಹಿಂದಕ್ಕೆ ಹಾಕಲಾಗಿದೆ, ಮಾಲೀಕರ ಸೂಚನೆಯ ಮೇರೆಗೆ ಹಾಕಿದ್ದು, ಮಾಲೀಕರೇ ನನ್ನೆದುರು ಒಪ್ಪಿದ್ದಾರೆ, ಈ ಮೆಷಿನ್‌ನಲ್ಲಿ ಆದ ನಕ್ಷೆಗಳ ತಾರೀಖನ್ನು ನಂಬುವಂತಿಲ್ಲ ಎಂದು ಬರೆದೆ. ಹುಲಗಪ್ಪನವರ ಹೆಸರನ್ನು ಎಲ್ಲಿಯೂ ಹಾಕಲಿಲ್ಲ.

ಸಂಜೆಯೊಳಗೆ ಲೈಸೆನ್ಸ್ ರದ್ದಾಯಿತು. ರಿತೇಶ್ ಬಾಗಿಲು ತೆರೆದಿಟ್ಟುಕೊಂಡೇ ಕೂಗಾಡಿದ. “ನಿಮಗೆ ಲೈಸೆನ್ಸ್ ಚಾಲೂ ಮಾಡ್ಲಿಕ್ಕೆ ಸಂಬಳ, ಕ್ಲೈಂಟ್ ಓಡಿಸ್ಲಿಕ್ಕೆ ಅಲ್ಲ. ಕಲ್ಯಾಣ ಕಾ ಕಾಮ್ ಅಬ್ ಆಪ್ ನಹೀ ದೇಖೋಗೇ.” ಕಲ್ಯಾಣದ ಕೆಲಸ ಇನ್ನು ನಾನು ನೋಡಬಾರದಂತೆ; ಅಲ್ಲಿ ಇನ್ನು ಯಾವ ಕೆಲಸ ಇದೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವನ ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರೋ. ಬಹುಶಃ ಇದನ್ನೇ, ಸ್ವಲ್ಪ ಮೆಲ್ಲಗೆ.

ಫೆಬ್ರವರಿ 5, ಬುಧವಾರ

ಹುಲಗಪ್ಪನವರ ಫೋನ್. ಕೆಲಸ ಬಿಟ್ಟರಂತೆ. ಬಿಡಿಸಿದರಾ ಎಂದು ಕೇಳಿದೆ. “ಎರಡೂ ಆತ್ರಿ ಅಕ್ಕಾರ” ಅಂದರು. ಮೇಡಂ ಎನ್ನುತ್ತಿದ್ದವರು ಅಕ್ಕಾರ ಅಂದರು. ಕಳವಾ ಕಡೆ ಪರಿಚಯದವರ ಝೆರಾಕ್ಸ್ ಅಂಗಡಿ ಇದೆ, ದೊಡ್ಡ ನಕ್ಷೆ ಪ್ರಿಂಟ್ ಹಾಕುವ ಮೆಷಿನ್ ಬಂದಿದೆ, ಅಲ್ಲಿ ಕೂರುತ್ತಾರಂತೆ.

ಬದಲಾಪುರದಲ್ಲಿ ಕೆಲಸ ನಿಂತಿಲ್ಲ ಎಂದೂ ಹೇಳಿದರು. ವಸಂತಣ್ಣ ಆ ನಕ್ಷೆಯನ್ನು ಬೇರೆ ಯಾರ ಹತ್ತಿರವೋ ಮಾಡಿಸುತ್ತಿದ್ದಾರಂತೆ.

ಫೆಬ್ರವರಿ 9, ಭಾನುವಾರ

ಸಂಘದ ಸಭೆ. ನಾವು ಬುಕಿಂಗ್ ವಾಪಸು ತೆಗೆದುಕೊಳ್ಳುತ್ತೇವೆ, ಕಾರಣ ಇದು, ಬೇರೆಯವರೂ ವಿಚಾರಿಸಿಕೊಳ್ಳಿ ಎಂದು ಇವರು ಎದ್ದು ನಿಂತು ಹೇಳಿದರು. ವಸಂತಣ್ಣ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಗುತ್ತಲೇ, “ಶೈಲೇಶನಿಗೆ ಲೋನ್ ಆಗ್ಲಿಲ್ಲ, ಪಾಪ. ಅದನ್ನು ನೇರ ಹೇಳಿದ್ರೆ ನಾವು ಹೆಲ್ಪ್ ಮಾಡ್ತಿದ್ದೆವು” ಅಂದರು. ಮುಂದಿನ ಸಾಲಿನಲ್ಲಿ ಕೆಲವರು ನಕ್ಕರು. ಲೋನ್ ಮಂಜೂರಾಗಿ ಎರಡು ತಿಂಗಳಾಗಿದೆ. ಇವರು ಕೂತರು.

ಚಹಾದ ಹೊತ್ತಿಗೆ ಪೂಜಿತಾ ನನ್ನ ಹತ್ತಿರ ಬಂದಳು. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದಳು.

“ಅಕ್ಕಾ, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ನಿಜವಾ ಇದು? ಅಲ್ಲ ನಿಮಗೆ ವಸಂತಣ್ಣನ ಮೇಲೆ ಎಂತಾದ್ರೂ ಸಿಟ್ಟು ಉಂಟಾ?”

ಮನಸ್ಸಿಗೆ ಚುಚ್ಚಿತು. ಆದರೆ ಅವಳು ಕೇಳಿದ್ದರಲ್ಲಿ ತಪ್ಪೇನಿದೆ? ಅವಳ ಜಾಗದಲ್ಲಿ ನಾನಿದ್ದರೆ ಕೇಳುತ್ತಲೂ ಇರಲಿಲ್ಲ, ಸಿಟ್ಟೇ ಇರಬೇಕೆಂದು ಬರೆದಿಟ್ಟುಕೊಳ್ಳುತ್ತಿದ್ದೆ. ಮುಂದಿನ ಭಾನುವಾರ ಬದಲಾಪುರಕ್ಕೆ ಬರುತ್ತೀಯಾ ಎಂದೆ. ಯೋಚಿಸುತ್ತೇನೆ ಅಂದಳು.

ಫೆಬ್ರವರಿ 16, ಭಾನುವಾರ

ಬಂದಳು. ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಒಬ್ಬಳೇ ಬಂದಳು, ಗಂಡನಿಗೆ ಹೇಳಿರಲಿಲ್ಲ. ಕರ್ಜತ್ ಕಡೆಯ ಲೋಕಲ್ ಟ್ರೇನ್‌ನಲ್ಲಿ ಇಬ್ಬರಿಗೂ ಕಿಟಕಿ ಸಿಕ್ಕಿತು. ದಾರಿಯುದ್ದಕ್ಕೂ ಅವಳು ಅಡುಗೆಮನೆಯ ಕಟ್ಟೆಗೆ ಯಾವ ಬಣ್ಣದ ಕಲ್ಲು ಹಾಕಿಸುವುದೆಂದು ಮಾತಾಡಿದಳು. ನಾನು ತಡೆಯಲಿಲ್ಲ.

ಬಿಲ್ಡಿಂಗ್ ನಾಲ್ಕನೇ ಸ್ಲ್ಯಾಬಿಗೆ ಬಂದಿದೆ. ಹೊರಗೆ ದೊಡ್ಡ ಬೋರ್ಡು, ಉಯ್ಯಾಲೆಯಲ್ಲಿ ಕೂತ ಒಂದು ಕುಟುಂಬದ ಚಿತ್ರ. ಹಿಂದೆ ನದಿ. ಈ ತಿಂಗಳಲ್ಲಿ ಅದು ಕಲ್ಲುಗಳ ನಡುವೆ ಎಲ್ಲೋ ಇದೆ, ಹುಡುಕಿದರೆ ಕಾಣುತ್ತದೆ. ಪೂಜಿತಾ ಅದನ್ನು ನೋಡಿ, “ಇದು ಇಲ್ಲಿವರೆಗೆ ಹೇಗೆ ಬರ್ತದೆ ಅಕ್ಕಾ?” ಅಂದಳು. ಅವಳ ಧ್ವನಿ ಗೆದ್ದವರ ಹಾಗಿತ್ತು.

ನಾನು ಬರಹೇಳಿದ್ದ ಹುಲಗಪ್ಪನವರು ಅಲ್ಲೇ ಕಾಯುತ್ತಿದ್ದರು. ಕಂಪೌಂಡಿನ ಆಚೆ ನದಿಯಂಚಿನಲ್ಲಿ ಮೆಂತ್ಯ, ಪಾಲಕ್ ಬೆಳೆಯುವ ಒಬ್ಬ ಹೆಂಗಸಿನ ಮನೆಗೆ ಕರೆದುಕೊಂಡು ಹೋದರು. ಬಾಲಮ್ಮ, ಅವರ ಸೀಮೆಯವರೇ. ಎರಡು ಕೋಣೆಯ ಸಿಮೆಂಟು ಮನೆ. ಅಳತೆಗೆ ಬಂದಾಗ ಹುಲಗಪ್ಪನವರು ಇವರಿಂದ ನೀರು ಕೇಳಿ ಕುಡಿದಿದ್ದರಂತೆ.

“ನೆರಿ ಬಂದಾಗ ನೀರು ಎಷ್ಟರ ತನಕ ಬಂದಿತ್ತು ಅಂತ ಇವರಿಗೆ ಹೇಳಬೇ” ಅಂದರು ಹುಲಗಪ್ಪನವರು.

ಬಾಲಮ್ಮ ಸೊಪ್ಪಿನ ಕಟ್ಟು ಕಟ್ಟುವುದನ್ನು ನಿಲ್ಲಿಸಲಿಲ್ಲ. “ಒಳಗ ಹೋಗಿ ನೋಡ್ರಿ. ಎರಡು ಸಲ ಸುಣ್ಣ ಹೊಡದೀನಿ, ಹೋಗವಲ್ದು. ಆವತ್ತು ನಾವು ಮಾಳಿಗಿ ಮ್ಯಾಲೆ ಕುಂತಿದ್ವಿ. ಆಡು ಎರಡು ಹೋದ್ವು.”

ಒಳಗೆ ಗೋಡೆಯ ಮೇಲೆ ಅಡ್ಡಲಾಗಿ ಕಂದು ಕಲೆ, ನೂಲು ಹಿಡಿದು ಎಳೆದ ಹಾಗೆ ಕೋಣೆಯ ಸುತ್ತಲೂ. ಪೂಜಿತಾ ಬಾಗಿಲಲ್ಲೇ ನಿಂತು ಅದನ್ನು ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋದಳು. ಗೋಡೆಗೆ ಬೆನ್ನು ಕೊಟ್ಟು, ಹಿಮ್ಮಡಿ ಒತ್ತಿ, ತಲೆ ನೇರ ಮಾಡಿ ನಿಂತಳು. ಕಲೆ ಈಗ ಅವಳಿಗೆ ಕಾಣುವಂತಿರಲಿಲ್ಲ.

“ಎಲ್ಲಿಗೆ ಬರ್ತದೆ ಅಕ್ಕಾ?” ಎಂದು ನನ್ನನ್ನು ಕೇಳಿದಳು.

ಅವಳ ಹಣೆಯ ಕುಂಕುಮಕ್ಕಿಂತ ನಾಲ್ಕು ಬೆರಳು ಮೇಲಿತ್ತು. ಹೇಳಿದೆ.

ಅವಳು ತಿರುಗಿ ನೋಡಲಿಲ್ಲ. ಅಲ್ಲೇ ನಿಂತು ಪರ್ಸಿನಿಂದ ಫೋನ್ ತೆಗೆದು ಗಂಡನಿಗೆ ಹಚ್ಚಿದಳು.